ಒಬ್ಬರೇ ನಡೆಸುವ ಲೇಡೀಸ್ ಟೈಲರಿಂಗ್ ಅಂಗಡಿ: ವಾರಕ್ಕೆ 71 ಗಂಟೆ ಕೆಲಸವನ್ನ 40ಕ್ಕೆ ಇಳಿಸೋದು ಹೇಗೆ?

(ಪ್ರತಿ ಮಾತಿನ ಮೇಲಿರೋದು ಅದನ್ನ ಬರೆದವರ ಅಡ್ಡಹೆಸರು.)

ನೀಲಿ ದಾರ

ತಾಲ್ಲೂಕು ಕೇಂದ್ರದಲ್ಲಿ ಅಂಗಡಿ. ಸಹಾಯಕ್ಕೆ ಯಾರೂ ಇಲ್ಲ. ಒಂದು ಜೂಕಿ (ಮೋಟರಿನ ಫ್ಯಾಕ್ಟರಿ ಮಿಷನ್), ಒಂದು ಹಳೇ ಕರಿ ಮಿಷನ್, ಬಟ್ಟೆಯ ಅಂಚು ಬಿಡದ ಹಾಗೆ ಹೊಲಿಯೋ ಒಂದು ಓವರ್‌ಲಾಕ್. ಬೆಳಿಗ್ಗೆ 9.30ರಿಂದ ರಾತ್ರಿ 8.30, ಭಾನುವಾರ ಮಧ್ಯಾಹ್ನ 2.30ರವರೆಗೆ. ಬುಧವಾರ ಸಂತೆ.

ಸಾಧಾರಣ ವಾರದ ಲೆಕ್ಕ: ಲೈನಿಂಗ್ ಬ್ಲೌಸ್ 14 (ತಲಾ 450 ರೂ.), ಚೂಡಿದಾರ್ 2 (500), ಸೀರೆ ಅಂಚಿನ ಫಾಲ್-ಪಿಕೊ 6 (100), ಆಲ್ಟ್ರೇಶನ್ 10 (50). ಒಟ್ಟು 8,400 ರೂ.

ಐದು ದಿನ, 40 ಗಂಟೆ ಮಾಡಬೇಕು ಅಂತ ಆಸೆ. ದುಡ್ಡು ಕಮ್ಮಿಯಾಗಬಾರದು. ಭಾನುವಾರ ಪೂರ್ತಿ ಮುಚ್ಚಿದ್ರೆ ಶನಿವಾರ ರಾತ್ರಿ 11 ಆಗುತ್ತೆ, ಅಷ್ಟೇ. ಎಲ್ಲಿಂದ ಶುರು ಮಾಡಬೇಕು?

ಲೆಕ್ಕದ ಹಾಳೆ

ಬಾಗಿಲು ಮುಚ್ಚೋದ್ರಿಂದಂತೂ ಅಲ್ಲ. ಮೊದಲು ಪೀಸಿನ ಲೆಕ್ಕ ಬಿಟ್ಟು ನಿಮಿಷದ ಲೆಕ್ಕ ಹಿಡೀರಿ.

ಒಂದು ಲೈನಿಂಗ್ ಬ್ಲೌಸ್: ಮಾರ್ಕಿಂಗ್, ಕಟಿಂಗ್ 20 ನಿಮಿಷ. ಲೈನಿಂಗ್ ಕೂಡಿಸಿ ಟಕ್ಸ್ (ಆಕಾರ ಕೊಡೋ ಮಡಿಕೆ) ಹಾಕೋಕೆ 25. ಕುತ್ತಿಗೆ, ಪೈಪಿಂಗ್ 20. ತೋಳು, ಸೈಡ್ 20. ಹೆಮ್ಮಿಂಗ್, ಹುಕ್ಕು 20. ಇಸ್ತ್ರಿ 5. ಒಟ್ಟು 110. ಕೈ ಪಳಗಿದವರಿಗೆ ಹತ್ತು ಕಮ್ಮಿ, ಪ್ರಿನ್ಸೆಸ್ ಕಟ್ ಆದ್ರೆ ಮೂವತ್ತು ನಲವತ್ತು ಜಾಸ್ತಿ. ಸರಾಸರಿಗೆ ಇದನ್ನೇ ಇಟ್ಕೊಳ್ಳಿ. ಚೂಡಿದಾರ್ 130, ಕೈಯಲ್ಲಿ ಹಾಕೋ ಫಾಲ್ ಪಿಕೊ ಸೇರಿ 40, ಬಿಚ್ಚೋದೂ ಸೇರಿ ಆಲ್ಟ್ರೇಶನ್ 25.

14×110 = 1,540
2×130 = 260
6×40 = 240
10×25 = 250
ಒಟ್ಟು 2,290 ನಿಮಿಷ, ಅಂದ್ರೆ 38 ಗಂಟೆ 10 ನಿಮಿಷ.

ನೀವು ಅಂಗಡಿ ತೆರೆದಿರೋದು ವಾರಕ್ಕೆ 71 ಗಂಟೆ. ಹೊಲಿಗೆಗೆ 38 ಹೋದ್ರೆ ಮಿಕ್ಕ 33 ಗಂಟೆ ಎಲ್ಲಿ? ಅದು ಸಿಕ್ಕರೆ ಅರ್ಧ ಕೆಲಸ ಮುಗೀತು. ಒಂದು ಆರ್ಡರೂ ಬಿಡಬೇಕಾಗಿಲ್ಲ.

ಉತ್ತರದ ಉಂಗುರಬೆರಳು

ಎಲ್ಲಿ ಹೋಗ್ತಾವಂದ್ರ, ನಿಂತು ಮಾತಾಡೋದ್ರಾಗ ಹೋಗ್ತಾವ್ರೀ ಅಕ್ಕಾರ. 😀 ಚೇಷ್ಟೆ ಅಲ್ಲ. ಮೂರು ದಿನ ಒಂದು ಹಾಳಿ ಗ್ವಾಡಿಗೆ ಅಂಟಿಸ್ರಿ. ಮಿಷನ್ ಬಿಟ್ಟು ಎದ್ದಾಗೆಲ್ಲ ಒಂದು ಗೀಟು, ಯಾಕ ಎದ್ದಿರಿ ಅಂತ ಒಂದಕ್ಷರ: ‘ಗಿ’ ಗಿರಾಕಿ, ‘ಫೋ’ ಫೋನು, ‘ಹು’ ಹುಡುಕೋದು, ‘ತ’ ಮ್ಯಾಚಿಂಗ್ ತರೋದು, ‘ಕ’ ಕರೆಂಟು. ಎಷ್ಟು ನಿಮಿಷ ಅಂತ ಬರೀಬ್ಯಾಡ್ರಿ, ಎಷ್ಟು ಸಲ ಅಂತ ಅಷ್ಟ ಸಾಕು.

ನಿಮಿಷಕ್ಕಿಂತ ಎದ್ದೇಳೋದ ದುಬಾರಿ. ಕುತ್ತಿಗಿ ತಿರುವುವಾಗ ಎದ್ರ ಮತ್ತ ಕುಂತು ಹೊಲಗಿ ಎಲ್ಲಿ ನಿಂತಿತ್ತಂತ ನೋಡಿ, ಬಟ್ಟಿ ಸರಿ ಮಾಡ್ಕೊಂಡು ಶುರು ಮಾಡಬೇಕು. ಎರಡೂ ಕಡೆ ಆಕಾರ ಬ್ಯಾರೆ ಬ್ಯಾರೆ ಬರೋದು ಬಾಳ ಸಲ ಇದರಿಂದನ.

ನೀಲಿ ದಾರ

ಮೂರು ದಿನ ಗೀಟು ಹಾಕಿದ್ದಾಯ್ತು. ಗಿ 41, ಫೋ 37, ಹು 19, ತ 6, ಕ 4. ‘ರೆಡಿ ಆಯ್ತಾ’ ಅಂತ ಕೇಳೋಕೆ ಬಂದ ಫೋನೇ 20ಕ್ಕಿಂತ ಜಾಸ್ತಿ.

ಲೆಕ್ಕದ ಹಾಳೆ

ಅಲ್ಲೇ ಇದೆ ಗುಟ್ಟು. ‘ರೆಡಿ ಆಯ್ತಾ’ ಫೋನ್ ಬರೋದು ಕೊಟ್ಟ ತಾರೀಖಿನ ಮೇಲೆ ಗಿರಾಕಿಗೆ ನಂಬಿಕೆ ಇಲ್ಲದಾಗ. ತಾರೀಖು ತಪ್ಪೋದು ‘ಶುಕ್ರವಾರ ಬನ್ನಿ’ ಅಂತ ಬಾಯಿಗೆ ಬಂದದ್ದು ಹೇಳೋದ್ರಿಂದ. ಹಾಗಾಗಿ ರಜೆಯ ಬೋರ್ಡಿಗೆ ಮೊದಲು ತಾರೀಖಿನ ಪುಸ್ತಕ ಬೇಕು.

200 ಪುಟದ ನೋಟ್‌ಬುಕ್, ಒಂದು ವಾರಕ್ಕೆ ಒಂದು ಪುಟ. ಪುಟದಲ್ಲಿ 16 ಗೆರೆ ಮಾತ್ರ. ಒಂದು ಬ್ಲೌಸಿಗೆ ಅಥವಾ ಒಂದು ಚೂಡಿದಾರಿಗೆ ಒಂದು ಗೆರೆ. ಕೊನೆಯ ಎರಡು ಗೆರೆ ಕೆಂಪು ಪೆನ್ನಿನಲ್ಲಿ ಹಾಕಿ ಖಾಲಿ ಬಿಡಿ: ಅವು ಅರ್ಜೆಂಟಿಗೆ, ಒಂದೂವರೆ ಪಟ್ಟು ಕೂಲಿಗೆ. ಸೋಮವಾರದ ಹೊತ್ತಿಗೂ ಅರ್ಜೆಂಟ್ ಬರದಿದ್ರೆ ಮುಂದಿನ ಪುಟದಿಂದ ಎರಡನ್ನ ಹಿಂದಕ್ಕೆ ತನ್ನಿ. 16 ತುಂಬಿದ ಮೇಲೆ ಬಂದವರಿಗೆ ಪುಟ ಮಗುಚಿ ಮುಂದಿನ ವಾರದ ತಾರೀಖು ತೋರಿಸಿ. ಬಾಯಲ್ಲಿ ‘ಆಗಲ್ಲ’ ಅಂದ್ರೆ ಚೌಕಾಸಿ ಶುರುವಾಗುತ್ತೆ. ತುಂಬಿದ ಪುಟ ಕಣ್ಣಿಗೆ ಬಿದ್ರೆ ಮಾತು ಅಲ್ಲಿಗೇ ನಿಲ್ಲುತ್ತೆ.

ಅಡ್ವಾನ್ಸ್ ಅರ್ಧ ತಗೊಳ್ಳಿ. ಅಡ್ವಾನ್ಸ್ ಇಲ್ಲದ ಪೀಸಿಗೆ ಗೆರೆ ಇಲ್ಲ.

ಕತ್ತರಿ ಕೆಲಸ

ಈಗ ನಿಮಿಷಕ್ಕೆ ಎಷ್ಟು ರೂಪಾಯಿ ಅಂತ ನೋಡೋಣ. ಬ್ಲೌಸ್ 450/110, ನಿಮಿಷಕ್ಕೆ 4 ರೂ. ಮೇಲೆ. ಚೂಡಿದಾರ್ 3.85. ಫಾಲ್-ಪಿಕೊ 2.50. ಆಲ್ಟ್ರೇಶನ್ 2 ರೂ. ಅಂದ್ರೆ ವಾರಕ್ಕೆ ಎಂಟು ಗಂಟೆ ನೀವು ಅರ್ಧ ಕೂಲಿಗೆ ದುಡೀತಿದ್ದೀರಿ ಮೇಡಂ.

ನಾನಾದ್ರೆ ಹೀಗೆ ಬದಲಾಯಿಸ್ತೀನಿ.

ಫಾಲ್: ಮನೆಯಲ್ಲೇ ಕುಚ್ಚು ಹಾಕೋರು, ಫಾಲ್ ಹೊಲಿಯೋರು ಪ್ರತಿ ಬೀದಿಯಲ್ಲಿ ಇರ್ತಾರೆ. 100ರಲ್ಲಿ 60 ಅವರಿಗೆ, 40 ನಿಮಗೆ. ಗಿರಾಕಿ ಕೈತಪ್ಪಲ್ಲ, 240 ನಿಮಿಷ ಉಳೀತು.

ಹೆಮ್ಮಿಂಗ್, ಹುಕ್ಕು: ಪೀಸಿಗೆ 40 ಕೊಟ್ಟು ಹೊರಗೆ. ಬ್ಲೌಸ್ 110ರಿಂದ 90 ನಿಮಿಷಕ್ಕೆ ಬಂತು, 280 ನಿಮಿಷ ಉಳೀತು. ಖರ್ಚು 560.

ಆಲ್ಟ್ರೇಶನ್: ಶನಿವಾರ ಬೆಳಿಗ್ಗೆ ಮಾತ್ರ, 80 ರೂ. ಹತ್ತರಲ್ಲಿ ಮೂರು ಹೋಗ್ತವೆ ಅಂದ್ಕೊಳ್ಳಿ. 7×25 = 175 ನಿಮಿಷ, 560 ರೂ.

ಹೊಲಿಗೆಗೆ ಬೇಕಾಗೋದು 1,260+260+175 = 1,695 ನಿಮಿಷ, 28 ಗಂಟೆ 15 ನಿಮಿಷ. ಆದಾಯ: ಬ್ಲೌಸಿಂದ 5,740, ಚೂಡಿದಾರ್ 1,000, ಫಾಲ್ 240, ಆಲ್ಟ್ರೇಶನ್ 560. ಒಟ್ಟು 7,540. ಮೊದಲಿಗಿಂತ 860 ಕಮ್ಮಿ. ಬ್ಲೌಸಿಗೆ 60 ಏರಿಸಿ 510 ಮಾಡಿದ್ರೆ 840 ವಾಪಸ್. ಮಿಕ್ಕ 20 ರೂಪಾಯಿಗೆ ಟೀ ಬಿಡಿ.

ನೀಲಿ ದಾರ

ಎದುರು ಅಂಗಡಿಯಲ್ಲಿ 420 ಇದೆ ಸರ್. 510 ಅಂದ್ರೆ ಬೋರ್ಡ್ ನೋಡಿಯೇ ಹೋಗಿಬಿಡ್ತಾರೆ.

ಕತ್ತರಿ ಕೆಲಸ

ಒಂದು ಪ್ರಶ್ನೆ. ಬೆನ್ನಿಗೆ ಕಟ್ಟೋ ಡೋರಿ, ಅದರ ತುದಿಗೆ ತೂಗೋ ಲಟ್ಕನ್, ಬಟ್ಟೆ ಗುಂಡಿ, ಇವಕ್ಕೆ ಬೇರೆ ದುಡ್ಡು ತಗೋತೀರಾ?

ನೀಲಿ ದಾರ

ಇಲ್ಲ. ಅದೆಲ್ಲ 450ರಲ್ಲೇ.

ಕತ್ತರಿ ಕೆಲಸ

ಹಾಗಾದ್ರೆ 510ರ ಬೋರ್ಡೇ ಬೇಡ. ಡೋರಿ-ಲಟ್ಕನ್‌ಗೆ 60 ಅಂತ ಬೇರೆ ಸಾಲು ಬರೀರಿ. 14ರಲ್ಲಿ ಆರು ಜನ ಹಾಕಿಸಿದ್ರೆ 360. ಬ್ಲೌಸಿಗೆ 35 ಏರಿಸಿ 485 ಮಾಡಿದ್ರೆ 490. ಎರಡೂ ಸೇರಿ 850. ಬಾರ್ಡರನ್ನ ತೋಳಿಗೆ ಕೂರಿಸೋ ಪೀಸು, ಅಗಲ ಕಮ್ಮಿ ಇರೋ ಗುಳೇದಗುಡ್ಡ ಖಣ (ಕುಪ್ಪಸದ ಬಟ್ಟೆ), ಇವುಗಳ ಕಟಿಂಗಿಗೂ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತೆ. ಅದಕ್ಕೂ ಒಂದು ಸಾಲು ಇರಲಿ. ಗಿರಾಕಿ ಹೋಲಿಸಿ ನೋಡೋದು ಮೊದಲ ಸಾಲಿನ ರೇಟನ್ನ ಮಾತ್ರ.

ಹಬ್ಬದ ಹಿಂದಿನ ವಾರ ರೇಟು ಏರಿಸಬೇಡಿ. ‘ಸಮಯ ನೋಡಿ ಕಿತ್ಕೊಂಡ್ರು’ ಅಂತ ಹೆಸರು ಬರುತ್ತೆ, ಆ ಹೆಸರು ಬೇಗ ಅಳಿಸಲ್ಲ.

ಕುಚ್ಚಿನ ಗಂಟು

ಹೊರಗೆ ಕೊಡಿ ಅಂತ ಸುಲಭವಾಗಿ ಹೇಳಿಬಿಟ್ರಿ. ಕೊಡೋ ಕೆಲಸ, ತಗೊಳ್ಳೋ ಕೆಲಸ ಎರಡರ ಕಡೆಯಿಂದ ಒಂದಿಷ್ಟು.

ಒಬ್ಬರನ್ನೇ ನಂಬಬೇಡಿ, ಇಬ್ಬರಿರಲಿ. ಮದುವೆ ಸೀಸನ್ನಲ್ಲಿ ಕುಚ್ಚಿನ ಕೆಲಸಕ್ಕೆ ಹೆಮ್ಮಿಂಗಿಗಿಂತ ಎಷ್ಟೋ ಪಟ್ಟು ದುಡ್ಡು. ಆಗ ನಿಮ್ಮ ಗಂಟು ಮೂಲೆಗೆ ಹೋಗುತ್ತೆ. ಇಬ್ಬರಿಗೂ ವಾರವಾರ ಕೆಲಸ ಸಿಗೋ ಹಾಗೆ ಹಂಚಿ. ಅರ್ಜೆಂಟ್ ಇದ್ದಾಗ ಮಾತ್ರ ನೆನಪಾಗೋ ಅಂಗಡಿಯ ಕೆಲಸವನ್ನ ಯಾರೂ ಮೊದಲು ಎತ್ಕೊಳ್ಳಲ್ಲ.

ಪೀಸಿನ ಜೊತೆ ಆ ಬಣ್ಣದ ದಾರ, ಸೂಜಿ, ಹುಕ್ಕು ಎಣಿಸಿ ಕವರಿನಲ್ಲಿ ಹಾಕಿ. ದಾರ ಅವರೇ ಹಾಕ್ಕೊಂಡ್ರೆ ಮೆರೂನ್ ಬ್ಲೌಸಿಗೆ ಕೆಂಪು ದಾರ ಬಂದು, ಬಿಚ್ಚಿ ಮತ್ತೆ ಹಾಕೋ ಹೊತ್ತಿಗೆ ಉಳಿಸಿದ 20 ನಿಮಿಷದ ಎರಡರಷ್ಟು ಹೋಗಿರುತ್ತೆ. ಹುಕ್ಕಿನ ಜಾಗ ಚಾಕಿನಲ್ಲಿ ನೀವೇ ಗುರುತು ಮಾಡಿ. ಕೂಲಿ ಶನಿವಾರ ಕೈಗೆ ಕೈ, ತಿಂಗಳಿಗೆ ಮುಂದೂಡಬೇಡಿ.

ಲೆಕ್ಕದ ಹಾಳೆ

ಇದು ಸರಿಯಾದ ಮಾತು. ಈಗ ವಾರ ಕಟ್ಟೋಣ. ಭಾನುವಾರ, ಸೋಮವಾರ ರಜೆ. ಸಮಾರಂಭಗಳೆಲ್ಲ ಭಾನುವಾರಕ್ಕೇ ಬೀಳೋದ್ರಿಂದ ಸೋಮವಾರ ಡೆಲಿವರಿ ಕೇಳೋರು ಕಮ್ಮಿ. ಸಂತೆ ದಿನ ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ, ಹಳ್ಳಿ ಗಿರಾಕಿ ಬರೋದು ಅವತ್ತೇ.

ಮಂಗಳವಾರ, ಕಟಿಂಗ್ ದಿನ. ಶಟರ್ ಅರ್ಧ. 14 ಬ್ಲೌಸ್, 2 ಚೂಡಿದಾರ್ ಒಟ್ಟಿಗೇ ಕತ್ತರಿಸಿದ್ರೆ ಐದೂವರೆ ಗಂಟೆ. ಮಿಕ್ಕಿದ್ದರಲ್ಲಿ ವಾಪಸ್ ಬಂದ ತಪ್ಪು ಪೀಸುಗಳು ಮೊದಲು, ಆಮೇಲೆ ಚೂಡಿದಾರ್ ಶುರು.

ಬುಧವಾರ, 11ರಿಂದ 2 ಗಿರಾಕಿ ಹೊತ್ತು, ಮುಂದಕ್ಕೆ ಐದು ಗಂಟೆ ಹೊಲಿಗೆ.

ಗುರುವಾರ, ಎಂಟು ಗಂಟೆಯೂ ಹೊಲಿಗೆ. ಸಂಜೆ ಎಂಟು ಪೀಸು ಹೆಮ್ಮಿಂಗಿಗೆ ಹೋಗಬೇಕು.

ಶುಕ್ರವಾರ, ಆರು ಗಂಟೆ ಹೊಲಿಗೆ, 5ರಿಂದ 7 ಗಿರಾಕಿ. ಉಳಿದ ಆರು ಪೀಸು ಹೆಮ್ಮಿಂಗಿಗೆ.

ಶನಿವಾರ, ಬೆಳಿಗ್ಗೆ ಮೂರು ಗಂಟೆ ಆಲ್ಟ್ರೇಶನ್. ಮಧ್ಯಾಹ್ನ ಹೆಮ್ಮಿಂಗ್ ವಾಪಸ್ ಬಂದ ಮೇಲೆ ಎಲ್ಲಾ ಇಸ್ತ್ರಿ ಒಟ್ಟಿಗೆ, 70 ನಿಮಿಷ. 4ರಿಂದ 7 ಡೆಲಿವರಿ ಮತ್ತು ಹೊಸ ಆರ್ಡರ್.

ಗಿರಾಕಿಗೆ ಎಂಟು ಗಂಟೆ, ಹೊಲಿಗೆಗೆ 28 ಗಂಟೆ 15 ನಿಮಿಷ. ಉಳಿಯೋದು ಮೂರೂಮುಕ್ಕಾಲು ಗಂಟೆ. ಅದನ್ನ ತುಂಬಿಸಬೇಡಿ, ಫೋನು, ಅಂಗಡಿ ಸಾಮಾನು, ಕರೆಂಟ್ ಹೋದದ್ದು ಎಲ್ಲ ಅದರೊಳಗೇ ಹೋಗಬೇಕು. ವಾರಕ್ಕೆ 18 ಪೀಸು ಹಿಡಿಯುತ್ತೆ ಅಂತ ಆಸೆ ಬಿದ್ದ ದಿನ ಈ ಏರ್ಪಾಡು ಮುಗೀತು.

ಉತ್ತರದ ಉಂಗುರಬೆರಳು

ಒಂದು ತಕರಾರು. ಬುಧವಾರ ಮಧ್ಯಾಹ್ನದಾಗ ಗಿರಾಕಿ ವ್ಯಾಳೆ ಇಟ್ಟೀರಿ, ಸರಿ. ಆದ್ರ ಆಫೀಸಿಗೆ, ಸಾಲಿಗೆ ಹೋಗೋ ಹೆಣ್ಮಕ್ಕಳಿಗೆ ಶುಕ್ರವಾರ ಏಳರೊಳಗ ಬರೋದು ಕಷ್ಟ ಐತಿ. ಶುಕ್ರವಾರ ಬೆಳಿಗ್ಗಿ ಒಂದು ತಾಸು ತಡಾ ತಗದು 6ರಿಂದ 8 ಮಾಡ್ರಿ. ದುಡ್ಡು ಕೊಡೋ ಗಿರಾಕಿ ಅವರ.

ಲೆಕ್ಕದ ಹಾಳೆ

ಒಪ್ಪಿದೆ. ಶುಕ್ರವಾರ 6ರಿಂದ 8.

ಕತ್ತರಿ ಕೆಲಸ

ಈ ವೇಳಾಪಟ್ಟಿಯಲ್ಲಿ ಲೈನಿಂಗ್ ನೆನೆಸೋ ಕೆಲಸ ತಾನಾಗೇ ಕೂತ್ಕೊಳ್ಳುತ್ತೆ. ಕಾಟನ್ ಲೈನಿಂಗ್ ನೆನೆಸದೆ ಹಾಕಿದ್ರೆ ಮೊದಲ ಒಗೆತಕ್ಕೆ ಅದು ಕುಗ್ಗುತ್ತೆ, ಮೇಲಿನ ರೇಷ್ಮೆ ಅಥವಾ ಪಾಲಿಯೆಸ್ಟರ್ ಅಷ್ಟು ಕುಗ್ಗಲ್ಲ. ಹೊಲಿಗೆ ಉದ್ದಕ್ಕೂ ಸುಕ್ಕು, ಸೋಮವಾರ ಬಾಗಿಲಲ್ಲಿ ಗಿರಾಕಿ. ಶನಿವಾರ ರಾತ್ರಿ ನೀರಿಗೆ ಹಾಕಿ, ಭಾನುವಾರ ನೆರಳಲ್ಲಿ ಒಣಗಿಸಿ, ಮಂಗಳವಾರ ಇಸ್ತ್ರಿ ಮಾಡಿ ಕತ್ತರಿಸಿ. ಕಡು ಬಣ್ಣಗಳನ್ನ ಬೇರೆ ಬೇರೆ ಬಕೆಟ್ಟಿನಲ್ಲಿ ನೆನೆಸಿ.

ಲೈನಿಂಗ್ ಬಣ್ಣ ಹುಡುಕೋಕೆ ಪೇಟೆಗೆ ಓಡೋದೂ ನಿಲ್ಲಬೇಕು. ಯಾವ ಬಣ್ಣ ಮತ್ತೆ ಮತ್ತೆ ಬರುತ್ತೆ ಅಂತ ಹಳೇ ರಸೀದಿ ತಿರುವಿ ನೋಡಿ. ಮೆರೂನ್, ಬಾಟಲ್ ಗ್ರೀನ್, ರಾಣಿ ಪಿಂಕ್, ನೇವಿ, ಸಾಸಿವೆ ಹಳದಿ, ಕಪ್ಪು, ಕ್ರೀಮ್, ಇಷ್ಟರಲ್ಲಿ ಬಹುಪಾಲು ಮುಗಿಯುತ್ತೆ. ತಲಾ ಐದು ಮೀಟರ್ ತಂದು ಒಂದೇ ಸಲ ನೆನೆಸಿ ಮಡಚಿಡಿ. ಬೇರೆ ಬಣ್ಣ ಬೇಕಾದವರು ಲೈನಿಂಗ್ ಅವರೇ ತರಲಿ.

ಮಿಷನ್ ರಿಪೇರಿ

ಹೊಲಿಗೆ ಕ್ರಮ ದಾರದ ಬಣ್ಣದ ಮೇಲೆ ಇರಲಿ, ಗಿರಾಕಿ ಬಂದ ಕ್ರಮದ ಮೇಲಲ್ಲ. ಮೆರೂನಿನ ನಾಲ್ಕು ಪೀಸು ಮುಗಿಸಿ ಆಮೇಲೆ ಹಸಿರು. ಮಂಗಳವಾರ ಸಂಜೆಯೇ ಬಣ್ಣಕ್ಕೆ ಎರಡು ಬಾಬಿನ್ ಸುತ್ತಿಡಿ.

ಜೂಕಿಗೆ ಡಿಬಿ×1 ಸೂಜಿ. ತೆಳು ರೇಷ್ಮೆಗೆ 11ನೇ ನಂಬರ್, ಕಾಟನ್ನಿಗೆ 14, ದಪ್ಪ ಬಟ್ಟೆಗೆ 16. ಸೂಜಿ ಮುರಿಯೋ ತನಕ ಕಾಯಬೇಡಿ, ಮಂಗಳವಾರ ಮತ್ತು ಶುಕ್ರವಾರ ಬದಲಾಯಿಸಿ. ಮೊಂಡು ಸೂಜಿ ರೇಷ್ಮೆಯ ಎಳೆ ಎಳೆಯುತ್ತೆ, ಹೊಲಿಗೆ ಬಿಡುತ್ತೆ. ಒಂದು ಸೂಜಿಯ ಬೆಲೆಗೆ ಸೀರೆಯ ಬ್ಲೌಸ್ ಪೀಸೇ ಹೋದ್ರೆ ಬದಲಿ ಎಲ್ಲಿ ತರ್ತೀರಿ? ಶನಿವಾರ ಸಂಜೆ ಬಾಬಿನ್ ಸುತ್ತ ತಿರುಗೋ ಹುಕ್ ಹತ್ರದ ನೂಲಿನ ಧೂಳು ಬ್ರಷ್ಷಿನಿಂದ ತೆಗೆದು, ಎಣ್ಣೆ ಮಟ್ಟ ಎರಡು ಗೆರೆ ಮಧ್ಯೆ ಇದೆಯಾ ನೋಡಿ.

ಕ್ಲಚ್ ಮೋಟರ್ ಇದ್ರೆ ಸರ್ವೋಗೆ ಬದಲಾಯಿಸಿ. ಕ್ಲಚ್ ಸ್ವಿಚ್ ಹಾಕಿದಷ್ಟು ಹೊತ್ತೂ ತಿರುಗ್ತಾ ಇರುತ್ತೆ, ಸರ್ವೋ ಪೆಡಲ್ ಒತ್ತಿದಾಗ ಮಾತ್ರ. ಸದ್ದೂ ಕಮ್ಮಿ. ಕರೆಂಟ್ ಹೋದಾಗ ಕರಿ ಮಿಷನ್ನು ಕಾಲಲ್ಲಿ ತುಳಿಯೋ ಹಾಗೇ ಇರಲಿ, ಬೆಲ್ಟ್ ಬಿಚ್ಚಿ ಮೋಟರ್ ಮಾತ್ರ ಮಾಡಿಬಿಡಬೇಡಿ. ಇನ್ವರ್ಟರ್ ತಗೊಳ್ಳೋದಾದ್ರೆ ಸೈನ್ ವೇವ್ ಅನ್ನೋ ಬಗೆ, ಮತ್ತು ಇಸ್ತ್ರಿ ಪೆಟ್ಟಿಗೆಯನ್ನ ಅದಕ್ಕೆ ಸಿಕ್ಕಿಸಬೇಡಿ.

ನೀಲಿ ದಾರ

ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಹೊಸ ಮಿಷನ್ ತಗೊಂಡ್ರೆ ಬೇಗ ಆಗಲ್ವಾ?

ಲೆಕ್ಕದ ಹಾಳೆ

2023ರ ಸೆಪ್ಟೆಂಬರ್ 17ಕ್ಕೆ ಶುರುವಾದ ಯೋಜನೆ, 18 ಕಸುಬುಗಳಲ್ಲಿ ದರ್ಜಿಯೂ ಇದೆ. ತರಬೇತಿಗೆ ದಿನಕ್ಕೆ 500 ರೂ. ಭತ್ಯೆ, ಉಪಕರಣಕ್ಕೆ 15,000 ರೂ. ವೋಚರ್. ಸಾಲ ಮೊದಲು 1 ಲಕ್ಷದವರೆಗೆ 18 ತಿಂಗಳಿಗೆ, ಅದು ತೀರಿದ ಮೇಲೆ 2 ಲಕ್ಷದವರೆಗೆ 30 ತಿಂಗಳಿಗೆ, ಬಡ್ಡಿ ಶೇ. 5. ಒಂದು ಕುಟುಂಬಕ್ಕೆ ಒಬ್ಬರೇ. ನೋಂದಣಿ ಆಗ್ತಿದ್ದದ್ದು ಸಾಮಾನ್ಯ ಸೇವಾ ಕೇಂದ್ರದಲ್ಲಿ, ಈಗಲೂ ತೆರೆದಿದೆಯಾ ಅಂತ ಅಲ್ಲೇ ಕೇಳಿ.

ವೋಚರ್ ಸಿಕ್ಕರೆ ತಗೊಳ್ಳಿ. ಸಾಲ ಮಾಡಿ ಇನ್ನೊಂದು ಮಿಷನ್ ಮಾತ್ರ ಬೇಡ. ನಿಮ್ಮ ಗೀಟಿನ ಹಾಳೆಯಲ್ಲಿ ‘ಮಿಷನ್ ನಿಧಾನ’ ಅಂತ ಒಂದು ಗೀಟೂ ಇಲ್ಲ. ಕಂತು ಕಟ್ಟೋಕೆ ಹದಿನೇಳನೇ ಗೆರೆ, ಹದಿನೆಂಟನೇ ಗೆರೆ ಹಾಕಬೇಕಾಗುತ್ತೆ.

ಕುಚ್ಚಿನ ಗಂಟು

ಹಬ್ಬದ ಮಾತೇ ಯಾರೂ ಎತ್ತಿಲ್ಲ. ವರಮಹಾಲಕ್ಷ್ಮಿ ಹಿಂದಿನ ಮೂರು ವಾರ ಐದು ದಿನದ ವಾರ ಅನ್ನೋದು ಕನಸು. ಆಷಾಢದಲ್ಲಿ ಮದುವೆ ಇಲ್ಲ, ಆಗ ರಜೆ ಹಾಕಿ ಅಂತಾರೆ.

ಕತ್ತರಿ ಕೆಲಸ

ಆಷಾಢ ನೋಡೋಕೆ ಮಾತ್ರ ಖಾಲಿ ಅಕ್ಕ. ಆಷಾಢ ಸೇಲ್‌ನಲ್ಲಿ ಸೀರೆ ತಗೊಂಡವರು ಬ್ಲೌಸ್ ಪೀಸು ಹಿಡಿದು ಬರೋದು ಎರಡನೇ ಪಕ್ಷದಲ್ಲೇ. ಮೊದಲ ಹದಿನೈದು ದಿನ ಮಾತ್ರ ನಿಜವಾಗಿ ಬಿಡುವು. ಅದೇ ಹದಿನೈದು ದಿನದಲ್ಲಿ ಖಾಯಂ ಗಿರಾಕಿಗಳಿಗೆ ‘ವರಮಹಾಲಕ್ಷ್ಮಿಗೆ ಈಗಲೇ ಕೊಟ್ಟರೆ ಹಳೇ ರೇಟು’ ಅಂತ ಮೆಸೇಜ್ ಹಾಕಿ. ಶ್ರಾವಣದ ಹತ್ತು ಗೆರೆ ಹಿಂದಕ್ಕೆ ಬಂದರೂ ಸಾಕು.

ಪೂರ್ತಿ ಒಂದು ವಾರ ಬಾಗಿಲು ಹಾಕೋದಾದ್ರೆ ಧನುರ್ಮಾಸ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಮದುವೆ ಇಲ್ಲ, ಮುಂದೆ ದೊಡ್ಡ ಸೀರೆ ಹಬ್ಬವೂ ಇಲ್ಲ. ಪಿತೃಪಕ್ಷ ಬೇಡ, ಬೆನ್ನಿಗೇ ನವರಾತ್ರಿ. ಮೇ ಕೊನೆಯ ಯೂನಿಫಾರ್ಮ್ ಗಲಾಟೆಯನ್ನ ನೇರವಾಗಿ ಬಿಟ್ಟುಬಿಡಿ. ಮದುವೆ ಕೆಲಸದ ಮೇಲೆ ಅದನ್ನೂ ಹೇರಿಕೊಂಡ್ರೆ ಎರಡರ ತಾರೀಖೂ ತಪ್ಪುತ್ತೆ.

ಮತ್ತೆ, ವರಮಹಾಲಕ್ಷ್ಮಿ ಹಿಂದಿನ ಆ ಮೂರು ವಾರ ಆರು ದಿನ ಕೆಲಸ ಮಾಡಿ ಪರವಾಗಿಲ್ಲ. ಆದ್ರೆ ಪುಟದ ಮೇಲೆ ಮೊದಲೇ ‘6 ದಿನ, 19 ಗೆರೆ’ ಅಂತ ಬರೆದಿರಬೇಕು.

ಕುಚ್ಚಿನ ಗಂಟು

19 ಅಂತ ಬರೆದು 26 ತಗೊಳ್ಳೋದೇ ನಮ್ಮ ಬುದ್ಧಿ. ನೋಡೋಣ.

ನೀಲಿ ದಾರ

ಫೋನಿಗೆ ಏನು ಮಾಡ್ಲಿ?

ಲೆಕ್ಕದ ಹಾಳೆ

ವಾಟ್ಸಾಪ್ ಬಿಸಿನೆಸ್ ಹಾಕಿ, ಅದು ಪುಕ್ಕಟೆ. ಅಂಗಡಿಗೆ ಬೇರೆ ಸಿಮ್. ಕೆಲಸದ ಸಮಯ ನಮೂದಿಸಿ, ಅದರಾಚೆ ಬಂದ ಮೆಸೇಜಿಗೆ ತಾನಾಗೇ ಹೋಗೋ ಉತ್ತರ: ‘ನಮಸ್ಕಾರ. ಭಾನುವಾರ, ಸೋಮವಾರ ರಜೆ. ನಿಮ್ಮ ರಸೀದಿಯಲ್ಲಿರುವ ತಾರೀಖಿಗೆ ಬ್ಲೌಸ್ ಸಿದ್ಧವಿರುತ್ತದೆ.’ ಪ್ರತಿ ಗಿರಾಕಿಗೂ ಲೇಬಲ್ ಹಾಕಿ: ಕಟಿಂಗ್, ಹೆಮ್ಮಿಂಗ್, ರೆಡಿ. ಶನಿವಾರ ಇಸ್ತ್ರಿ ಮುಗಿದ ಕೂಡಲೇ ರೆಡಿ ಇರೋರಿಗೆಲ್ಲ ನೀವೇ ಮೆಸೇಜ್ ಹಾಕಿ. ಅವರು ಕೇಳೋ ಮೊದಲೇ ಸುದ್ದಿ ಹೋದ್ರೆ ಫೋನ್ ಬರಲ್ಲ. ಫೋನ್ ಎತ್ತೋದು ದಿನಕ್ಕೆ ಎರಡೇ ಹೊತ್ತು, ಊಟಕ್ಕೆ ಮುಂಚೆ ಹದಿನೈದು ನಿಮಿಷ, ಮುಚ್ಚೋ ಮುಂಚೆ ಹದಿನೈದು ನಿಮಿಷ.

ನಿಮ್ಮ 19 ‘ಹು’ ಗೀಟಿಗೆ: ಬಟ್ಟೆ, ಅಳತೆ ಬ್ಲೌಸು, ಲೈನಿಂಗ್ ಮೂರೂ ಒಂದೇ ಪಾರದರ್ಶಕ ಕವರಿನಲ್ಲಿ, ಪುಸ್ತಕದ ಗೆರೆ ನಂಬರ್ ಕವರಿನ ಮೇಲೆ ದಪ್ಪಗೆ. ಅಳತೆ ಬ್ಲೌಸ್ ಹಳೇದಾದ್ರೆ ಜಗ್ಗಿರುತ್ತೆ, ಎದೆ ಮತ್ತು ತೋಳಿನ ಸುತ್ತಳತೆ ಮೈಮೇಲೂ ತಗೊಳ್ಳಿ. ಸೈಡಿನಲ್ಲಿ ಒಳಗೆ ಒಂದೂವರೆ ಇಂಚು ಮಾರ್ಜಿನ್ ಬಿಡಿ. ಬಿಗಿಯಾದ್ರೆ ಹತ್ತು ನಿಮಿಷದಲ್ಲಿ ಬಿಚ್ಚಿ ಕೊಡಬಹುದು.

ನೀಲಿ ದಾರ

ಇದೆಲ್ಲ ಆಗುತ್ತೆ. ಕೊನೆಯದು: ಮನೆ ಅಂಗಡಿ ಹಿಂದೆಯೇ ಇದೆ. ಸೋಮವಾರ ಬಾಗಿಲು ತಟ್ಟಿ ‘ಸುಮ್ನೆ ಬಟ್ಟೆ ಕೊಟ್ಟು ಹೋಗ್ತೀನಿ’ ಅನ್ನೋರನ್ನ ಏನ್ ಮಾಡೋದು? ಹಳೇ ಗಿರಾಕಿಗಳು, ಬೈಯೋಕಾಗಲ್ಲ.

ಉತ್ತರದ ಉಂಗುರಬೆರಳು

ಬಾಗಲಾ ತಗೀಬ್ಯಾಡ್ರಿ, ಡಬ್ಬಿ ಇಡ್ರಿ. ಶಟರ್ ಬಾಜೂಕ ಕೀಲಿ ಇರೋ ಕಬ್ಬಿಣದ ಪೆಟ್ಟಿಗಿ, ಮ್ಯಾಲ ಎಂಟು ಇಂಚು ಉದ್ದ, ಎರಡು ಇಂಚು ಅಗಲದ ಸಂದಿ, ಮಳಿ ನೀರು ಒಳಗ ಬರದಂಗ ಮ್ಯಾಲೊಂದು ತಗಡಿನ ರೆಪ್ಪಿ. ಪಕ್ಕಕ್ಕ ಖಾಲಿ ಕವರ್, ದಾರಕ್ಕ ಕಟ್ಟಿದ ಪೆನ್ನು. ಹೆಸರು, ಫೋನ್ ನಂಬರ್, ಏನು ಹೊಲೀಬೇಕು ಅಂತ ಬರದು ಹಾಕಿ ಹೋಗ್ಲಿ. ಮಂಗಳವಾರ ಬೆಳಿಗ್ಗಿ ತಗದು ನಂಬರ್ ಹಾಕಿ ತಾರೀಖು ಕಳಸ್ರಿ.

ಕುಚ್ಚಿನ ಗಂಟು

ಪೆಟ್ಟಿಗೆ ಮೇಲೆ ‘ರೇಷ್ಮೆ ಸೀರೆ ಹಾಕಬೇಡಿ, ಬ್ಲೌಸ್ ಪೀಸು ಮಾತ್ರ’ ಅಂತ ಬರೆಸಿ. ಇಲ್ಲಾಂದ್ರೆ ಕುಚ್ಚಿಗೆ ಅಂತ ಸೀರೆಯನ್ನೇ ತುರುಕ್ತಾರೆ, ಸಂದಿಯ ತಗಡಿಗೆ ಜರಿ ಸಿಕ್ಕಿ ಕಿತ್ತು ಹೋಗುತ್ತೆ. ಸಂದಿಯ ಅಂಚಿಗೆ ರಬ್ಬರ್ ಬೀಡಿಂಗ್ ಕೂಡ ಹಾಕಿಸಿ.